ಎಂಬತ್ತನಾಲ್ಕು ತಾರೀಖು

ಪರೀಕ್ಷಕರು ಬರುತ್ತಾರೆಂಬ ಸುದ್ದಿ ಮುಟ್ಟಿದ ಕಚೇರಿಗೂ ಬೀಗರು ಬರುತ್ತಾರೆಂಬ ಸುದ್ದಿ ಮುಟ್ಟಿದ ಮನೆಗೂ ಹೆಚ್ಚಿನ ಅಂತರವಿಲ್ಲ. ವರ್ಷವೆಲ್ಲ ನಡುಮನೆಯಲ್ಲಿ ಬಿದ್ದಿದ್ದ ಹಳೆಯ ಪತ್ರಿಕೆಗಳ ಕಟ್ಟು ಅಟ್ಟವೇರುತ್ತದೆ. ಕಾಲು ಮುರಿದ ಕುರ್ಚಿ ಗೋಡೆಗೊರಗಿ ಗಟ್ಟಿ ಕುರ್ಚಿಯ ವೇಷ ಧರಿಸುತ್ತದೆ. ಪಕ್ಕದ ಮನೆಯ ಬೆಳ್ಳಿಯ ಲೋಟ, ಎದುರು ಮನೆಯ ಜಮಖಾನ ಒಂದು ಸಂಜೆಯ ಮಟ್ಟಿಗೆ ನಮ್ಮವಾಗುತ್ತವೆ. ಬೀಗರು ಕಾಫಿ ಕುಡಿದು ಹೊಸಿಲು ದಾಟಿದ ಮರುಗಳಿಗೆಯಲ್ಲಿ ಕುರ್ಚಿಯ ಕಾಲು ಮೊದಲಿನಂತೆ ಮುರಿದದ್ದೇ. ಈ ವಿದ್ಯೆಯಲ್ಲಿ ನನ್ನ ಶ್ರೀಮತಿಯವರು ನಿಷ್ಣಾತರೆಂದು ಬರೆಯುವ ಆಸೆಯಿದ್ದರೂ, ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆಂಬ ಅರಿವಿರುವುದರಿಂದ, ನಾನೇ ನಿಷ್ಣಾತನೆಂದು ಒಪ್ಪಿಕೊಂಡು ಮುಂದುವರಿಯುತ್ತೇನೆ.

ಈ ವಿದ್ಯೆಯನ್ನು ಚಕ್ರಗಳ ಮೇಲೆ ನೋಡುವ ಯೋಗ ನನಗೆ ಕಳೆದ ವರ್ಷದ ಏಪ್ರಿಲ್ ಮೊದಲ ವಾರದಲ್ಲಿ ಒದಗಿತು. ಒಂದು ಶುಕ್ರವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಲಸೂರಿನ ನಮ್ಮ ಮನೆಯನ್ನು ಹುಡುಕಿಕೊಂಡು ಬಂದ. ಬಿ.ಎ. ತರಗತಿಯಲ್ಲಿ ಮೂರು ವರ್ಷ ಕೊನೆಯ ಬೆಂಚಿನಿಂದ ಕದಲದಿದ್ದ ಆ ಮಹಾಶಯ ಈಗ ಶಿವಾಜಿನಗರದಲ್ಲಿ 14 ವಾಹನಗಳ ಯಜಮಾನ. ತಂದೆ ಒಂದೇ ಟ್ಯಾಕ್ಸಿಯಿಂದ ಆರಂಭಿಸಿದ ವ್ಯವಹಾರವನ್ನು ಮಗ 9 ಮ್ಯಾಕ್ಸಿಕ್ಯಾಬುಗಳಿಗೂ 5 ಕಾರುಗಳಿಗೂ ಬೆಳೆಸಿದ್ದಾನೆ. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯ ನೌಕರರನ್ನು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ, ಹಗಲೆನ್ನದೆ ಇರುಳೆನ್ನದೆ ಮುಟ್ಟಿಸುವುದು ಅವನ ಕಸುಬು.

"ಸಾರ್, ಬುಧವಾರ ಕಂಪನಿಯೋರು ಆಡಿಟ್ಟಿಗೆ ಬರ್ತಾರೆ. ಏಳು ಪುಟದ ಪಟ್ಟಿ ಕಳಿಸಿದ್ದಾರೆ. ಪಾಸಾಗಲಿಲ್ಲ ಅಂದ್ರೆ ಕಾಂಟ್ರಾಕ್ಟು ಹೋಯ್ತು," ಎಂದ.

"ನನಗೂ ಲೆಕ್ಕಪತ್ರಕ್ಕೂ ಏನು ಸಂಬಂಧವಪ್ಪ? ನನ್ನ ಸಂಬಳದ ಲೆಕ್ಕವೇ ನನಗೆ ತಿಂಗಳ ಕೊನೆಗೆ ಹತ್ತುವುದಿಲ್ಲ."

"ದುಡ್ಡಿನ ಲೆಕ್ಕ ಅಲ್ಲ ಸಾರ್, ಗಾಡಿ ಲೆಕ್ಕ. ಕಾನೂನು ಪ್ರಕಾರ ಓಡಿಸ್ತಾ ಇದ್ದೀವೋ ಇಲ್ಲವೋ ಅಂತ ನೋಡ್ತಾರೆ. ನಿಮ್ಮಿಂದ ಒಂದಿಷ್ಟು ಬರೆಯೋ ಕೆಲಸ ಇದೆ. ನಾಳೆ ದಯವಿಟ್ಟು ಬನ್ನಿ."

ಬರೆಯುವ ಕೆಲಸವೆಂದರೆ ಇಲ್ಲವೆನ್ನಲಾಗದ ದೌರ್ಬಲ್ಯ ನನ್ನದು. ಶನಿವಾರ ಮಧ್ಯಾಹ್ನ ತರಗತಿ ಮುಗಿಸಿ ಶಿವಾಜಿನಗರದಲ್ಲಿ ಇಳಿದೆ. ಒಂದು ಕಾಲಕ್ಕೆ ಬ್ಲ್ಯಾಕ್‌ಪಲ್ಲಿಯೆನಿಸಿಕೊಂಡಿದ್ದ ಈ ಬಡಾವಣೆಯನ್ನು ನಮ್ಮಲ್ಲಿ ಅನೇಕರು ಬಲ್ಲುದು ರಸೆಲ್ ಮಾರುಕಟ್ಟೆಯ ಹಣ್ಣು ಹೂಗಳಿಂದ, ಸಂತ ಮೇರಿಯ ಬೆಸಿಲಿಕದ ಗೋಪುರದಿಂದ, ಇಲ್ಲವೆ ಬಸ್ ನಿಲ್ದಾಣದ ನೂಕುನುಗ್ಗಲಿನಿಂದ. 1927ರ ಆ ಮಾರುಕಟ್ಟೆಯ ಬೆನ್ನಿಗೆ ಇನ್ನೊಂದು ಲೋಕವಿದೆ. ಹಳೆಯ ಮೋಟಾರುಗಳನ್ನು ಬಿಚ್ಚಿ, ಗೇರುಪೆಟ್ಟಿಗೆಯಿಂದ ಹಿಡಿದು ಕನ್ನಡಿಯವರೆಗೆ ಬಿಡಿಬಿಡಿಯಾಗಿ ಮಾರುವ ಗುಜರಿ ಅಂಗಡಿಗಳ ಲೋಕ ಅದು. ಎಂದೋ ಅಪಘಾತಕ್ಕೀಡಾದ ಕಾರಿನ ಬಾಗಿಲು ಇಲ್ಲಿ ಇನ್ನೊಂದು ಕಾರಿನ ಮೈಗೆ ಸೇರಿ ಪುನರ್ಜನ್ಮ ಪಡೆಯುತ್ತದೆ. ಅಂಥ ಒಂದು ಓಣಿಯ ಮಹಡಿಯ ಮೇಲೆ ನನ್ನ ಶಿಷ್ಯನ ಕಚೇರಿ. ಕೆಳಗೆ ಅಂಗಳದಲ್ಲಿ ಐದಾರು ವಾಹನಗಳು, ಒಂದು ಬೇವಿನ ಮರ, ಅದರಡಿ ಒಬ್ಬ ಮೇಸ್ತ್ರಿ.

ಮೊದಲು ಕಾಗದಗಳನ್ನು ಮೇಜಿನ ಮೇಲೆ ಹರಡಿದೆವು. ಬಾಡಿಗೆಗೆ ಓಡುವ ವಾಹನವೊಂದಕ್ಕೆ ನೋಂದಣಿ ಪತ್ರ, ತೆರಿಗೆ ರಸೀದಿ, ವಿಮೆ, ಪರ್ಮಿಟ್, ಯೋಗ್ಯತಾ ಪತ್ರ, ಹೊಗೆ ತಪಾಸಣೆಯ ಚೀಟಿ, ಹೀಗೆ ಆರು ಕಾಗದಗಳು. 14 ವಾಹನಗಳಿಗೆ 84. ಎಂಬತ್ತನಾಲ್ಕು ಎಂದೊಡನೆ ನನಗೆ ಎಂಬತ್ತನಾಲ್ಕು ಲಕ್ಷ ಯೋನಿಗಳಲ್ಲಿ ತೊಳಲುವ ಜೀವದ ನೆನಪಾಯಿತು. ನನ್ನ ಶಿಷ್ಯನ ಸ್ಥಿತಿಯೂ ಅದಕ್ಕಿಂತ ತೀರ ಬೇರೆಯಾಗಿರಲಿಲ್ಲ. ಏಕೆಂದರೆ ಈ ಕಾಗದಗಳಲ್ಲಿ ಒಂದರ ಆಯುಸ್ಸು ಇನ್ನೊಂದರಂತಿಲ್ಲ. ವಿಮೆಗೆ ವರ್ಷ, ಪರ್ಮಿಟ್ಟಿಗೆ ಐದು ವರ್ಷ. ಹೊಗೆಯ ಚೀಟಿಗೆ ಹಳೆಯ ವಾಹನವಾದರೆ ಆರು ತಿಂಗಳು, ಹೊಸ ಮಾದರಿಯದಾದರೆ ಒಂದು ವರ್ಷ. ಎಲ್ಲರೂ ಎಫ್.ಸಿ. ಎಂದು ಕರೆಯುವ ಯೋಗ್ಯತಾ ಪತ್ರಕ್ಕೆ ವಾಹನ ಎಂಟು ವರ್ಷದ್ದಾಗುವವರೆಗೆ ಎರಡೆರಡು ವರ್ಷ, ಅಲ್ಲಿಂದ ಮುಂದೆ ವರ್ಷ ವರ್ಷವೂ ಪರೀಕ್ಷೆ. ಮನುಷ್ಯರಿಗೂ ಹೀಗೆಯೇ ಅಲ್ಲವೆ? ನಲವತ್ತು ದಾಟಿದ ಮೇಲೆ ವೈದ್ಯರು ಪದೇ ಪದೇ ಕರೆಯುತ್ತಾರೆ.

ಈ ಆರರಲ್ಲಿ ಎಫ್.ಸಿ.ಯೇ ಹಿರಿಯಣ್ಣ. 1988ರ ಮೋಟಾರು ವಾಹನಗಳ ಕಾಯಿದೆಯ 56ನೆಯ ಪ್ರಕರಣದ ಪ್ರಕಾರ, ಯೋಗ್ಯತಾ ಪತ್ರವಿಲ್ಲದ ಸಾರಿಗೆ ವಾಹನವು ನೋಂದಣಿಯಾದುದೆಂದೇ ಪರಿಗಣಿತವಾಗುವುದಿಲ್ಲ. ಅಂದರೆ ಆ ಒಂದು ಕಾಗದದ ಅವಧಿ ಮುಗಿದ ರಾತ್ರಿ ಹನ್ನೆರಡು ಗಂಟೆಗೆ, ನಂಬರು ಫಲಕ ಹೊತ್ತು ನಿಂತ ವಾಹನ ಕಾನೂನಿನ ಕಣ್ಣಿಗೆ ಅನಾಮಧೇಯವಾಗುತ್ತದೆ. ಅಂಥ ದಿನ ಅಪಘಾತವಾದರೆ ವಿಮಾ ಕಂಪನಿಯವರು ತಕರಾರು ತೆಗೆಯಲು ಕಾರಣ ಹುಡುಕಬೇಕಾಗಿಲ್ಲ. ನಮ್ಮ ಲೆಕ್ಕದಲ್ಲಿ 82 ಕಾಗದಗಳು ಸರಿಯಾಗಿದ್ದುವು. ಒಂದು ಕಾರಿನ ಹೊಗೆ ಚೀಟಿ ಮುಗಿದು 11 ದಿನವಾಗಿತ್ತು; ಇನ್ನೊಂದರ ಎಫ್.ಸಿ. ಮುಂದಿನ ಶುಕ್ರವಾರವೇ ಮುಗಿಯುವುದಿತ್ತು. ಹೊಗೆಯ ಚೀಟಿಯನ್ನು ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಮಾಡಿಸಿ ತಂದ. ಎಫ್.ಸಿ. ಹತ್ತಿರವಿದ್ದ ಕಾರನ್ನು ಅಂದೇ ಓಟದಿಂದ ತೆಗೆದು ಸಾರಿಗೆ ಕಚೇರಿಗೆ ಅರ್ಜಿ ಹಾಕಿದರು. ಶಿಷ್ಯನ ವಾಹನಗಳಲ್ಲಿ ಹೆಚ್ಚಿನವು ಕೆ.ಎ. 03, ಅಂದರೆ ಬೆಂಗಳೂರು ಪೂರ್ವದವು. ನಾಲ್ಕು ಮಾತ್ರ ಕೆ.ಎ. 53, ಕೃಷ್ಣರಾಜಪುರದ ಲೆಕ್ಕದವು.

ಅಲ್ಲಿಂದ ಚಾಲಕರ ಕಡತಕ್ಕೆ ಬಂದೆವು. ಸಾರಿಗೆ ವಾಹನದ ಲೈಸೆನ್ಸು 2019ರ ತಿದ್ದುಪಡಿಯ ನಂತರ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಅದು ಎಲ್ಲರಿಗೂ ಸರಿಯಿತ್ತು. ಪೊಲೀಸರ ಪೂರ್ವಾಪರ ಪರಿಶೀಲನೆ, ಭಾವಚಿತ್ರ, ಯಾವ ರಾತ್ರಿ ಯಾವ ಗಾಡಿಗೆ ಯಾರು ಎಂಬ ವಿವರ, ಇವಕ್ಕೆ ಪಟ್ಟಿಯಲ್ಲಿ ಒಂದೂವರೆ ಪುಟ. "ಇಷ್ಟೊಂದು ಏಕಯ್ಯ?" ಎಂದು ನಾನು ಕೇಳಿದಾಗ ಶಿಷ್ಯ ಒಂದು ಕ್ಷಣ ಸುಮ್ಮನಿದ್ದು, "2005 ಸಾರ್," ಎಂದ. ವಾಚಕರಲ್ಲಿ ಹಲವರಿಗೆ ನೆನಪಿರಬೇಕು. ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಹೊರಗುತ್ತಿಗೆ ಸಂಸ್ಥೆಯ ಯುವತಿ, ರಾತ್ರಿಯ ಪಾಳಿಗೆ ಕರೆದೊಯ್ಯಲು ಬಂದವನು ತನ್ನ ಕಂಪನಿಯ ಚಾಲಕನೆಂದೇ ನಂಬಿ ವಾಹನ ಹತ್ತಿದಳು, ಕೊಲೆಯಾಗಿಹೋದಳು. ಅವನಿಗೆ 2010ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ಒಂದೂವರೆ ಪುಟದ ಹಿಂದೆ ಆ ರಾತ್ರಿ ಇದೆ. ಗಾಜು ಒಡೆಯುವ ಸುತ್ತಿಗೆ, ಬೆಂಕಿ ನಂದಿಸುವ ಸಿಲಿಂಡರು, ತೆರೆದುಕೊಳ್ಳುವ ತುರ್ತು ಬಾಗಿಲು ಎಂದು ಪಟ್ಟಿ ಕೇಳುವಲ್ಲಿಯೂ ಇಂಥದೇ ನೆನಪುಗಳು ಬೆನ್ನಿಗಿವೆ. 2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಜನ ಒಳಗೇ ತೀರಿಕೊಂಡರು. ಪಟ್ಟಿಯನ್ನು ಕಂಡು ಗೊಣಗುತ್ತಿದ್ದ ನಾನು ಆಮೇಲೆ ಗೊಣಗಲಿಲ್ಲ.

ಅಂಗಳಕ್ಕಿಳಿದೆವು. ಟೈರಿನ ಗೀರುಗಳ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂದು ನಿಯಮ. ಅದನ್ನು ಅಳೆಯಲು ಮೇಸ್ತ್ರಿ ಸಲಕರಣೆಯನ್ನೇನೂ ತರಲಿಲ್ಲ. ಗೀರಿನ ತಳದಲ್ಲಿ ಕಂಪನಿಯವರೇ ಅಡ್ಡಲಾಗಿ ಬಿಟ್ಟಿರುವ ಸಣ್ಣ ರಬ್ಬರು ದಿಂಡೊಂದಿರುತ್ತದೆ. ಟೈರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ತೀರಿತೆಂದು ಅರ್ಥ. ಮೇಸ್ತ್ರಿ ಕಣ್ಣು ಮುಚ್ಚಿ ಹೆಬ್ಬೆರಳಾಡಿಸಿ, ನಾಡಿ ನೋಡುವ ವೈದ್ಯನಂತೆ, "ಇದು ಇದೆ, ಇದು ಇಲ್ಲ," ಎನ್ನುತ್ತ ಹೋದ. ನಾಲ್ಕು ಟೈರುಗಳು ಇಲ್ಲದವುಗಳ ಪಾಲಿಗೆ ಬಂದುವು.

"ಮೇಷ್ಟ್ರೇ, ಹೊಸಾವು ಯಾಕೆ? ಎರಡು ದಿನಕ್ಕೆ ಬಾಡಿಗೆಗೆ ಸಿಗ್ತದೆ. ಬುಧವಾರ ಆದ್ಮೇಲೆ ಬಿಚ್ಚಿ ವಾಪಸ್ ಕೊಟ್ರಾಯ್ತು," ಎಂದ ಮೇಸ್ತ್ರಿ, ಅತ್ಯಂತ ಸಹಜವಾದ ಧ್ವನಿಯಲ್ಲಿ.

ಎದುರು ಮನೆಯ ಜಮಖಾನ ಎಲ್ಲಿಯವರೆಗೆ ಬಂದಿದೆ, ನೋಡಿರಿ! ನಾನು ಶಿಷ್ಯನ ಮುಖ ನೋಡಿದೆ. ಅವನು ಮೇಸ್ತ್ರಿಯ ಮುಖ ನೋಡಿದ. ಕಡೆಗೆ ನಿಟ್ಟುಸಿರಿಟ್ಟು, "ಹೊಸಾದೇ ಹಾಕು," ಎಂದ. ನನ್ನ ಎದುರಿಗೆ ನಾಚಿಕೊಂಡು ಹೇಳಿದನೋ, ಮನಸ್ಸಿನಿಂದಲೇ ಹೇಳಿದನೋ ತಿಳಿಯದು. ಟೈರುಗಳಿಗೆ ಎರಡೂ ಒಂದೇ.

ಆದರೆ ನನ್ನನ್ನು ಕರೆಸಿದ ಕೆಲಸ ಇನ್ನೂ ಹೊರಬಿದ್ದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವನು ಹದಿನಾಲ್ಕು ಹೊಸ ಪುಸ್ತಕಗಳನ್ನೂ ನಾಲ್ಕು ಬಗೆಯ ಶಾಯಿಯ ಪೆನ್ನುಗಳನ್ನೂ ನನ್ನ ಮುಂದಿಟ್ಟ. ಚಾಲಕರು ದಿನವೂ ಗಾಡಿ ತೆಗೆಯುವ ಮುನ್ನ ಬ್ರೇಕು, ದೀಪ, ಟೈರು, ಕನ್ನಡಿ ನೋಡಿ ಸಹಿ ಹಾಕಿದ ದಿನಚರಿ ಆರು ತಿಂಗಳದ್ದು ಬೇಕಂತೆ. ದಿನಚರಿ ಎಂಬುದು ಅಲ್ಲಿ ಎಂದೂ ಇರಲಿಲ್ಲ. ಅಕ್ಟೋಬರಿನಿಂದ ಮಾರ್ಚಿಯವರೆಗೆ ಎಲ್ಲವನ್ನೂ 'ಸರಿಯಿದೆ', 'ಸರಿಯಿದೆ' ಎಂದು ತುಂಬಿಕೊಡಬೇಕು. ಒಂದೇ ಕೈಬರಹವೆಂದು ತಿಳಿಯದಂತೆ ಅಕ್ಷರವನ್ನು ಅಲ್ಲಲ್ಲಿ ಬದಲಿಸಬೇಕು. "ನಿಮ್ಮ ಅಕ್ಷರ ಮುತ್ತಿನ ಹಾಗೆ ಸಾರ್, ಅದಕ್ಕೇ..." ಎಂದ.

ವಾಚಕರೆ, ಇಲ್ಲಿ ನಾನು ಸಿಡಿದೆದ್ದು ಧರ್ಮೋಪದೇಶ ಮಾಡಿದೆನೆಂದು ಬರೆದರೆ ಅದು ಸುಳ್ಳಾದೀತು. ನಾನು ಒಂದು ಪೆನ್ನನ್ನು ಕೈಗೆತ್ತಿಕೊಂಡೆ. ಏಕೆಂದರೆ ಈ ಕೆಲಸ ನನಗೆ ಹೊಸದಲ್ಲ. ಹಿಂದೆ ನಾನಿದ್ದ ಒಂದು ಕಾಲೇಜಿಗೆ ಪರಿಶೀಲನಾ ಸಮಿತಿ ಬರುವ ಹಿಂದಿನ ವಾರ, ನಡೆಯದ ಹದಿನೇಳು ಸಭೆಗಳ ನಡವಳಿಯನ್ನು ನಾವು ಮೂವರು ಅಧ್ಯಾಪಕರು ರಾತ್ರಿಯೆಲ್ಲ ಕುಳಿತು ಬರೆದಿದ್ದೆವು. ಒಂದು ಸಭೆಯಲ್ಲಿ ನಾನು ಒಂದು ಸೂಚನೆಯನ್ನು ಬಲವಾಗಿ ವಿರೋಧಿಸಿದೆನೆಂದೂ ಸಹೋದ್ಯೋಗಿಗಳು ನನ್ನ ಮನವೊಲಿಸಿದರೆಂದೂ ನೈಜತೆಗಾಗಿ ನಾನೇ ಸೇರಿಸಿದ್ದೆ. ಸಮಿತಿಯವರು ಆ ಪುಟವನ್ನು ವಿಶೇಷವಾಗಿ ಮೆಚ್ಚಿದರು. ಅಂದು ನಮ್ಮ ಸುಳ್ಳಿನಿಂದ ಯಾರ ಕೈಕಾಲೂ ಮುರಿಯಲಿಲ್ಲ, ಅಷ್ಟೇ ಸಮಾಧಾನ.

ಪೆನ್ನಿನ ಮುಚ್ಚಳ ತೆಗೆದದ್ದೇ, ಬಾಗಿಲಲ್ಲಿ ನಿಂತಿದ್ದ ಹಿರಿಯ ಚಾಲಕರೊಬ್ಬರು ಒಳಬಂದರು. ಅರವತ್ತರ ಹತ್ತಿರದವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. "ಮೇಷ್ಟ್ರೇ, ನನ್ನ ಗಾಡೀದು ನೀವು ಬರೀಬೇಡಿ. ನನ್ನ ಹತ್ರ ಇದೆ," ಎಂದು ಅಂಗಿಯ ಜೇಬಿನಿಂದ ಮಡಿಚಿ ಮಡಿಚಿ ಮೂಲೆ ಸವೆದ ಒಂದು ಸಣ್ಣ ಪುಸ್ತಕ ತೆಗೆದರು. ಅವರ ಅಣ್ಣ ಬಿ.ಟಿ.ಎಸ್.ನಲ್ಲಿ ಚಾಲಕರಾಗಿದ್ದವರಂತೆ. ಅದು 1956ರಲ್ಲಿ ಖಾಸಗಿಯವರಿಂದ ಸರ್ಕಾರದ ಕೈಗೆ ಬಂದು, 1997ರಲ್ಲಿ ಬಿ.ಎಂ.ಟಿ.ಸಿ. ಆಗುವವರೆಗೆ ನಗರದ ಬಸ್ಸುಗಳನ್ನು ಓಡಿಸಿದ ಸಂಸ್ಥೆ. ಪಾಳಿ ಮುಗಿಸಿ ಡಿಪೋಗೆ ಬಂದ ಚಾಲಕ ಗಾಡಿಯಲ್ಲಿ ಕಂಡ ದೋಷವನ್ನು ಲಾಗ್‌ಶೀಟಿನಲ್ಲಿ ಬರೆದುಕೊಡುವುದು ಅಲ್ಲಿನ ಪದ್ಧತಿ. ಅಣ್ಣನಿಂದ ತಮ್ಮನಿಗೆ ಬಂದ ಅಭ್ಯಾಸ ಇದು. ಇಲ್ಲಿ ಡಿಪೋ ಇಲ್ಲ. ಬರೆದದ್ದು ಜೇಬಿನಲ್ಲೇ ಉಳಿಯಿತು.

ಕನ್ನಡದಲ್ಲೇ ಬರೆದಿದ್ದರು. ಹದಿನೈದು ವರ್ಷ ಉತ್ತರ ಪತ್ರಿಕೆ ತಿದ್ದಿದ ನನ್ನ ಕೈ, ಮೊದಲ ಸಾಲಿಗೇ ಕೆಂಪು ಶಾಯಿಯನ್ನು ಹುಡುಕಿತು. ಒತ್ತಕ್ಷರ ಒಂದೂ ನೆಟ್ಟಗಿಲ್ಲ. ಬ್ರೇಕು ಎಂಬುದು ಎಲ್ಲೆಡೆಯೂ 'ಬರೇಕು'.

ಜನವರಿ 9: ಬರೇಕು ಎಡಕ್ಕೆ ಎಳಿತದೆ. ಹೇಳಿದೆ.

ಜನವರಿ 16: ಎಳಿತದೆ. ಹೇಳಿದೆ.

ಫೆಬ್ರವರಿ 2: ಗಾಳಿ ಹಿಡಿಸಿದೆ. ಆದರೂ ಬರೇಕು ಎಳಿತದೆ. ಹೇಳಿದೆ.

ಮಾರ್ಚ್ 21: ಕೆ.ಆರ್. ಪುರ ತೂಗುಸೇತುವೆ ಇಳಿವಾಗ ಜಾಸ್ತಿ. ಒಳಗೆ ಆರು ಹೆಣ್ಣುಮಕ್ಳು. ಹೇಳಿದೆ.

ಹೀಗೆ ಹನ್ನೊಂದು 'ಹೇಳಿದೆ'. ಅಂದು ಮಧ್ಯಾಹ್ನ ನಾನೇ ಟಿಕ್ಕು ಹಾಕಿದ್ದ ಆ ವಾಹನದ ಆರು ಕಾಗದಗಳೂ ನಿರ್ದುಷ್ಟವಾಗಿದ್ದುವು. ಎಫ್.ಸಿ. ಹಿಂದಿನ ಸೆಪ್ಟೆಂಬರಿನಲ್ಲಿ ಆದದ್ದು, ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಅವಧಿಯಿತ್ತು. ನಾನು ತುಂಬಬೇಕಾಗಿದ್ದ ಪುಸ್ತಕದಲ್ಲಿ ಮಾರ್ಚ್ 21ರ ಎದುರಿಗೆ ಬ್ರೇಕಿನ ಕಲಮಿನಲ್ಲಿ 'ಸರಿಯಿದೆ' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆಯಬೇಕಾಗಿತ್ತು.

ಪೆನ್ನಿನ ಮುಚ್ಚಳ ಹಾಕಿ, "ಇದು ನಿನಗೆ ಗೊತ್ತಿತ್ತೇ?" ಎಂದು ಶಿಷ್ಯನನ್ನು ಕೇಳಿದೆ.

"ಗೊತ್ತಿತ್ತು ಸಾರ್." ಬಹಳ ಹೊತ್ತಿನ ನಂತರ ಸೇರಿಸಿದ: "ಒಂದು ದಿನ ಗಾಡಿ ನಿಲ್ಲಿಸಿದ್ರೆ ಬಾಡಿಗೆ ಹೋಯ್ತು. ಅದರ ಮೇಲೆ ಟ್ರಿಪ್ ತಪ್ಪಿತು ಅಂತ ಕಂಪನಿ ದಂಡ ಹಿಡೀತದೆ. ಇವತ್ತು ನಾಳೆ ಅಂತ..."

ಸುರಕ್ಷತೆಯ ಬಗ್ಗೆ ಏಳು ಪುಟ ಕಳಿಸುವ ಕೈಯೇ, ರಿಪೇರಿಗೆಂದು ಗಾಡಿ ನಿಲ್ಲಿಸಿದವನಿಂದ ದಂಡವನ್ನೂ ವಸೂಲು ಮಾಡುತ್ತದೆ! ಈ ಏಳು ಪುಟಗಳಲ್ಲಿ ಆ ದಂಡದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಚಾಲಕರ ದುಡಿಮೆಯ ವೇಳೆಯ ವಿಷಯವೂ ಹೀಗೆಯೇ. ದಿನಕ್ಕೆ ಎಂಟು ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬರೆದಿತ್ತು. ಸಂಸತ್ತು 2020ರಲ್ಲಿ ಆ ಕಾಯಿದೆಯನ್ನು ದೊಡ್ಡದೊಂದು ಸಂಹಿತೆಯೊಳಗೆ ಸೇರಿಸಿತು. ಎಂಟು ಗಂಟೆಯ ಮಾತು ಅಲ್ಲಿಯೂ ಇದೆ. ಆದರೆ ಸಿಲ್ಕ್ ಬೋರ್ಡಿನ ವೃತ್ತದಲ್ಲಿ ಸಿಕ್ಕಿಬಿದ್ದ ಒಂದೂವರೆ ಗಂಟೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ಚಾಚಾ ಕೇಳಿದರೆ ಉತ್ತರ ಕೊಡುವವರು ಯಾರು? ಇರಲಿ, ಇದು ಬೇರೆ ದಿನದ ಹರಟೆ.

ಹೊಸ ಪುಸ್ತಕಗಳು ಖಾಲಿಯಾಗಿಯೇ ಉಳಿದುವು. ಈ ನಿರ್ಧಾರಕ್ಕೆ ನಾನು ಕಾರಣನೆಂದು ಹೇಳಿಕೊಳ್ಳಲಾರೆ. ನಾನು ಮುಚ್ಚಳ ಹಾಕಿ ಸುಮ್ಮನೆ ಕುಳಿತಿದ್ದೆ, ಅಷ್ಟೆ. ಶಿಷ್ಯನೇ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಬೀರುವಿಗೆ ಹಾಕಿದ. ಭಾನುವಾರ ಬೆಳಿಗ್ಗೆ ಚಾಚಾನ ಗಾಡಿಯ ಮುಂಚಕ್ರಗಳನ್ನು ಮೇಸ್ತ್ರಿ ಬಿಚ್ಚಿದ. ಗಾಡಿ ಎಡಕ್ಕೆ ಎಳೆಯುತ್ತಿದ್ದರೂ ರೋಗ ಇದ್ದದ್ದು ಬಲಗಡೆ. ಬಲ ಚಕ್ರದ ಬ್ರೇಕನ್ನು ಒತ್ತುವ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡು, ಎಡ ಚಕ್ರ ಒಂದೇ ಹಿಡಿಯುತ್ತಿತ್ತು. ಮುದುಕನ ಮೊಣಕಾಲಿನ ನೋವಿಗೆ ಇನ್ನೊಂದು ಕಾಲು ಸವೆಯುವ ಹಾಗೆ. ಇಂಥ ದೋಷ ಗಾಡಿಯನ್ನು ಸುತ್ತುಹಾಕಿ ನೋಡುವ ಕಣ್ಣಿಗೆ ಕಾಣದು. ಒಂದೊಂದು ಚಕ್ರದ ಬ್ರೇಕನ್ನೂ ಉರುಳೆಗಳ ಮೇಲಿಟ್ಟು ಬೇರೆಬೇರೆಯಾಗಿ ಅಳೆಯುವ ಯಂತ್ರಗಳಿವೆ. ಅಂಥ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಯಂತ್ರವಾದರೂ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ನೋಡೀತು. ಚಾಚಾ ದಿನವೂ ಕಾಲಿಟ್ಟು ನೋಡುತ್ತಿದ್ದರು.

ಬುಧವಾರ ಆಡಿಟ್ಟಿಗೆ ಬಂದವರು ಹುಬ್ಬಳ್ಳಿ ಕಡೆಯ ಮಾತಿನ ಒಬ್ಬ ತರುಣಿ. ಇಪ್ಪತ್ತೆಂಟರ ಆಚೆಗಿರಲಾರದು. ನಾನು ಕುತೂಹಲಕ್ಕೆಂದು ಹೋಗಿ ಮೂಲೆಯಲ್ಲಿ ಕುಳಿತಿದ್ದೆ. 84 ಕಾಗದಗಳನ್ನೂ ಮೊಬೈಲಿನಲ್ಲಿ ಸರ್ಕಾರಿ ದಾಖಲೆಯೊಡನೆ ತಾಳೆ ನೋಡಿದರು. ಸುತ್ತಿಗೆಗಳನ್ನು ಎಣಿಸಿದರು. ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಅವಧಿ ಮೀರಿದ ಮುಲಾಮು ಸಿಕ್ಕಿತು, ಬರೆದುಕೊಂಡರು. ಕಡೆಗೆ ದಿನಚರಿ ಕೇಳಿದರು. ಶಿಷ್ಯ ಎದ್ದುನಿಂತು, "ಹದಿಮೂರು ಗಾಡೀದು ಇಲ್ಲ ಮೇಡಂ. ಒಂದರದ್ದು ಇದೆ," ಎಂದು ಚಾಚಾನ ಪುಸ್ತಕವನ್ನೂ ಮೇಸ್ತ್ರಿಯ ರಿಪೇರಿ ರಸೀದಿಯನ್ನೂ ಮುಂದಿಟ್ಟ. ಅವನ ಕೈ ನಡುಗುತ್ತಿದ್ದುದನ್ನು ನಾನು ಕಂಡೆ, ಬಿ.ಎ. ಮೌಖಿಕ ಪರೀಕ್ಷೆಯಲ್ಲಿ ಎಂದೂ ನಡುಗಿದವನಲ್ಲ.

ಆಕೆ ಪುಟಗಳನ್ನು ನಿಧಾನವಾಗಿ ತಿರುವಿದರು. ನಗಲಿಲ್ಲ. ಮಾರ್ಚ್ 21ರ ಪುಟದಲ್ಲಿ ಬೆರಳಿಟ್ಟು, "ಜನವರಿ 9ರಿಂದ ಮೊನ್ನಿ ಭಾನುವಾರದ ತನಕಾ ಈ ಗಾಡಿ ಎಷ್ಟು ದಿವಸ ನಿಂತಿತ್ರಿ?" ಎಂದು ಕೇಳಿದರು.

"ಒಂದು ದಿನವೂ ನಿಂತಿಲ್ಲ ಮೇಡಂ."

"ರಾತ್ರಿ ಪಾಳಿ?"

"ರಾತ್ರಿ ಪಾಳಿಯೇ."

ಬೇವಿನ ಮರದಡಿ ಯಾರೋ ಸ್ಪ್ಯಾನರು ಬೀಳಿಸಿದ ಸದ್ದು ಮಹಡಿಗೆ ಕೇಳಿಸಿತು. ಆಕೆ ಪುಸ್ತಕವನ್ನು ಮುಚ್ಚಿ, ಚಾಚಾನನ್ನು ಕರೆಸಿ, ಅವರ ಹೆಸರು ಬರೆದುಕೊಂಡರು. ಟ್ರಿಪ್ ತಪ್ಪಿದ ದಂಡದ ವಿಷಯವನ್ನು ಶಿಷ್ಯ ತಡೆಯುತ್ತ ತಡೆಯುತ್ತ ಹೇಳಿದಾಗ ಅದನ್ನೂ ಬರೆದುಕೊಂಡರು. ಏನು ಮಾಡುವರೆಂದು ಹೇಳಲಿಲ್ಲ.

ವರದಿ ಹದಿನೈದು ದಿನಕ್ಕೆ ಬಂತು. ದಿನಚರಿ ಇಲ್ಲದ್ದು ದೊಡ್ಡ ಲೋಪ. ದೋಷ ಗೊತ್ತಿದ್ದೂ ಗಾಡಿ ಓಡಿಸಿದ್ದು ಅದಕ್ಕಿಂತ ದೊಡ್ಡ ಲೋಪ. ಎರಡು ವರ್ಷಕ್ಕೆ ಆಗಬೇಕಾಗಿದ್ದ ಕಾಂಟ್ರಾಕ್ಟು ಆರು ತಿಂಗಳಿಗೆ ಮಾತ್ರ ಆಯಿತು. ಆಮೇಲೆ ಮತ್ತೆ ತಪಾಸಣೆ. ಶಿಷ್ಯನಿಗೆ ಅದರಿಂದ ನಷ್ಟವಾಗಿದೆ. ಸಾಲ ಮಾಡಿ ಕೊಂಡ ಎರಡು ಗಾಡಿಗಳ ಕಂತನ್ನು ನೆನೆದು ಅವನು ಒಂದು ತಿಂಗಳು ನಮ್ಮ ಮನೆಯ ಕಡೆ ಸುಳಿಯಲಿಲ್ಲ. ದಂಡದ ವಿಷಯದಲ್ಲಿ, ಮುಂಚಿತವಾಗಿ ತಿಳಿಸಿ ರಿಪೇರಿಗೆ ನಿಲ್ಲಿಸಿದ ಗಾಡಿಗೆ ತಿಂಗಳಿಗೆ ಒಂದು ದಿನ ವಿನಾಯಿತಿ ಎಂದು ಒಂದು ಸಾಲು ಹೊಸ ಕರಾರಿನಲ್ಲಿ ಸೇರಿತ್ತು.

ಜೂನ್ ತಿಂಗಳಲ್ಲಿ ಅವನು ಮತ್ತೆ ಬಂದ. ಚಾಲಕರಿಗೆ ದಿನಚರಿ ಅಚ್ಚು ಹಾಕಿಸಬೇಕು, ಕನ್ನಡದಲ್ಲಿರಬೇಕು, ತಾನೇ ಬರೆದರೆ ಯಾರಿಗೂ ತಿಳಿಯುವುದಿಲ್ಲ ಎಂದ. ಈ ಸಲದ ಬರವಣಿಗೆಗೆ ನಾನು ಸಂತೋಷದಿಂದ ಒಪ್ಪಿದೆ. ನಾಲ್ಕು ಕಲಮು ಮಾಡಿದೆ: ಕಂಡ ದೋಷ, ಯಾರಿಗೆ ಹೇಳಿದೆ, ಏನು ಮಾಡಿದರು, ಯಾವ ದಿನ. ಎಡಪಕ್ಕಕ್ಕೆ ಬ್ರೇಕು, ಟೈರು, ದೀಪ, ಹಾರನ್ನು ಎಂದು ಭಾಗಗಳ ಹೆಸರು. ಅಚ್ಚಾದ ಮೊದಲ ಪ್ರತಿಯನ್ನು ಚಾಚಾನ ಕೈಗೆ ನಾನೇ ಕೊಟ್ಟೆ. ಅವರು ಕನ್ನಡಕ ಏರಿಸಿ ಎಡಪಕ್ಕದ ಪಟ್ಟಿಯ ಮೇಲೆ ಬೆರಳಾಡಿಸಿದರು, ಜೇಬಿನಿಂದ ಪೆನ್ನು ತೆಗೆದರು, ಮೊದಲನೆಯ ಪದಕ್ಕೆ ಗೀಟು ಹಾಕಿ ಅದರ ಮೇಲೆ ಸಾವಧಾನವಾಗಿ 'ಬರೇಕು' ಎಂದು ತಿದ್ದಿದರು.